ವೈರಸ್ ಹಾಕದ ಕೊಳವೆ

ಅಕ್ಕಾ,
ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಜೀವಕೋಶಕ್ಕೆ ವೈರಸ್ ಹೊಕ್ಕಾಗ ಕ್ಯಾನ್ಸರ್ ಗಡ್ಡೆ ತಡೆಯುವ ಜೀನ್ ಹೇಗೆ ಕೆಡುತ್ತದೆಂದು ನೋಡುವುದು ಇಲ್ಲಿಯ ಕೆಲಸ. ಹೋಲಿಸಲು ವೈರಸ್ ಹಾಕದ ಆರೋಗ್ಯವಂತರ ರಕ್ತವೂ ಬೇಕು. ಅದನ್ನು ಹೊಸಬರು ಕೊಡುವುದು ವಾಡಿಕೆ. ನೀನು ಕರೆಯುವ ಹಾಗೆ ಗುಂಡುಕಲ್ಲಲ್ಲವೇ ನಾನು, ತೋಳು ಚಾಚಿದೆ. ಇವತ್ತು ನೋಡಿದರೆ ವೈರಸ್ ಹಾಕದ ನನ್ನ ಕೊಳವೆಯಲ್ಲೂ ಆ ಜೀನ್ ಕೆಟ್ಟಿದೆ. ಮತ್ತೆ ಮಾಡಿದರೂ ಅದೇ. ಕೊಳವೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ; ನನ್ನದು ನನಗೆ ಮಾತ್ರ ಗೊತ್ತು.

“ಯಾರದೋ ಏನೋ, ಅದನ್ನ ಚೆಲ್ಲಿ ಬೇರೆಯವರದ್ದು ತಗೊಳ್ಳಿ” ಎಂದರು ಮುಖ್ಯಸ್ಥರು. ನಾನು ಎದ್ದು ಈ ಮೆಟ್ಟಿಲಿಗೆ ಬಂದೆ.

ಅಮ್ಮನನ್ನು ತಿಂದ ಗಡ್ಡೆಗೂ ಇದೇ ಕಾರಣವಿರಬೇಕು. ಅವಳಿಂದ ಈ ಕೆಟ್ಟ ಜೀನ್ ನಿನಗೂ ಬಂದಿರಬಹುದು. ಈ ಕಾರ್ಡ್ ಕೈಸೇರಿದ ದಿನವೇ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸು, ಭಾವನೂ ಜೊತೆಗಿರಲಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ನಿನ್ನ ಗುಂಡುಕಲ್ಲು