ಅದು ಮದುವೆಯ ಫೋಟೊ ಅಲ್ಲ

ಮಾಲತಿ,

ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ಇವತ್ತು ಮೊದಲ ಸಾದಾ ಬೆಳಗು. ಹಾಲು ಕಾಯಿಸಿಟ್ಟಿದ್ದೇನೆ. ಅಭ್ಯಾಸಬಲದಿಂದ ನಿಮ್ಮಣ್ಣನ ಪಾಲಿನದೂ ತೆಗೆದುಕೊಂಡುಬಿಟ್ಟೆ. ಉಳಿದದ್ದಕ್ಕೆ ಹೆಪ್ಪು ಹಾಕು.

ಅಜ್ಜ-ಅಜ್ಜಿಯ ಫೋಟೊ ದೊಡ್ಡದು ಮಾಡಿಸಲು ಸ್ಟುಡಿಯೋಗೆ ಹೋಗಬೇಡ. ಅದು ನನ್ನ ಬಳಿ ಇದೆ.

ವಂಶಾವಳಿಗೆಂದು ನಿಮ್ಮಣ್ಣ ಅದನ್ನು ಭೂತಗನ್ನಡಿ ಹಿಡಿದು ನೋಡಿದ್ದರು. ಅಜ್ಜನ ಕೊರಳಿನ ಹಾರ, ಜರಿ ರುಮಾಲು, ಪಕ್ಕದಲ್ಲಿ ಕೈತುಂಬ ಬಳೆ ತೊಟ್ಟ ಅಜ್ಜಿ. ಹಿಂಬದಿಗೆ ಪೆನ್ಸಿಲಿನಲ್ಲಿ 'ಮದುವೆ ದಿನ, ಸುಮಾರು 1934' ಎಂದು ಬರೆದರು. ಕಾಲು ನೋಡಲಿಲ್ಲ.

ನಾನು ಇವತ್ತು ನೋಡಿದೆ. ಕುರ್ಚಿಯಲ್ಲಿ ಕೂತ ಅಜ್ಜನ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಿದ್ದಾರೆ. ಆವತ್ತು ನಿಮ್ಮಣ್ಣನಿಗೆ ಕಟ್ಟಿದ್ದರಲ್ಲ, ಹಾಗೆಯೇ. ತೆರೆದ ಕಣ್ಣು ಸ್ಟುಡಿಯೋದವರು ಆಮೇಲೆ ಫೋಟೊದ ಮೇಲೆ ಬರೆದದ್ದು. ಅಜ್ಜಿ ಅವರ ಹೆಗಲ ಮೇಲೆ ಕೈಯಿಟ್ಟಿಲ್ಲ, ಬೀಳದ ಹಾಗೆ ಹಿಡಿದಿದ್ದಾರೆ. ಅದು ಅಜ್ಜಿ ಬಳೆ ತೊಟ್ಟ ಕೊನೆಯ ದಿನ.

ತಮ್ಮ ತಂದೆ-ತಾಯಿಯ ಈ ಫೋಟೊ ಎರವಲು ಕೊಡುವಾಗ ಮಾನ್ವಿಯ ಅನಸೂಯಾಬಾಯಿ ಅತ್ತೆ, "ಗ್ವಾಡಿಗಿ ಹಾಕಬ್ಯಾಡಪಾ, ನೋಡಿ ಲಗೂ ತಂದುಕೊಡು" ಎಂದಿದ್ದರು. "ಅತ್ತಿ ಭಾಳ ಜಿಪುಣಿ ಬಿಡು" ಎಂದು ದಾರಿಯುದ್ದಕ್ಕೂ ನಿಮ್ಮಣ್ಣ ನಕ್ಕರು. ನಾನೂ ನಕ್ಕೆ.

ಮಾನ್ವಿ ಬಸ್ಸಿಗೆ ಹೊರಟಿದ್ದೇನೆ, ಕೊಟ್ಟು ಬರುತ್ತೇನೆ. ಅವ್ವ ಎದ್ದು, "ಈಗಽ ಹೊಸ್ತಿಲಾ ದಾಟಿದಳೇನು?" ಅಂದರೆ ಹೌದು ಅನ್ನು. ಈ ಚೀಟಿ ತೋರಿಸಬೇಡ.

ಹಿಂದಿನ ಬರಹ ಅಳಿಸಿ ಕೊಡೋಣವೆಂದು ರಬ್ಬರ್ ತೆಗೆದುಕೊಂಡೆ. ನಿಮ್ಮಣ್ಣನ ಅಕ್ಷರ. ತಪ್ಪು ಹಾಗೆಯೇ ಇರಲಿ ಎಂದು ಅತ್ತೆಯನ್ನು ಕೇಳಿಕೊಳ್ಳುತ್ತೇನೆ.

ವೈನಿ