ಐತವಾರ ಡೋಲಕ ನಾನ ಬಾರಸ್ತೀನಿ

ಆನೆಗೊಂದಿ, ಸೋಮವಾರ

ಅಜ್ಜಾಗ ಎಸ್ತರಳ ವಂದನಿ. "ಚರ್ಚಿನ ಬ್ಯಾಸಗಿ ಶಿಬಿರಕ್ಕ ಹೋಗಿ ಏನ ಕಲೀತಿ, ಉಂಡು ಕುಣದು ಬರ್ತಿ ಅಷ್ಟ" ಅಂದಿದ್ರಿ. ಕೇಳ್ರಿ ಹಂಗಾರ. ಬಂದ ಕೂಡ್ಲೆ ಎಲ್ಲಾರ ಫೋನ್ ಇಸಗೊಂಡ್ರು. ಹುಡುಗರನ್ನ ಒಲಿ ಮುಂದ ಕುಂದರಿಸಿ, ನಮ್ಮ ಹುಡುಗ್ಯಾರ ಕೈಗೆ ಡೋಲಕ ಕೊಟ್ಟಾರ. ಗಂಗಾವತಿ ಪಾಸ್ಟರ್ ಮಗ ಬಡದ ರೊಟ್ಟಿ ನೋಡಿದ್ರ ನೀವು ಪ್ರಾರ್ಥನಿ ಮರತು ನಗ್ತಿದ್ರಿ, ಒಂದೊಂದಕ್ಕ ನಾಕು ಮೂಲಿ! ಸಂಜಿಕೆ ನಾವು ಬಂಡೆಗಲ್ಲಿನ ಮ್ಯಾಲ ಕುಂತು ಬಾರಸ್ತೀವಿ. ಎದುರಿನ ಗುಡ್ಡ ತಿರುಗಿ ಬಾರಸತೈತಿ. ನಾ ತಪ್ಪಿದ್ರ ಅದೂ ತಪ್ಪತೈತಿ.

ಅಂಗೈ ಬಾತಾವ, ಕೊಬ್ಬರಿ ಎಣ್ಣಿ ಹಚ್ಚೀನಿ. ಅವ್ವಗ ಚಿಂತಿ ಬ್ಯಾಡ ಅನ್ರಿ.

ಅಜ್ಜಾ, ನಿಮ್ಮ ಬಲಗೈ ನಡುಗಾಕ ಹತ್ತಿದಾಗಿಂದ ನಮ್ಮ ಕುಷ್ಟಗಿ ಚರ್ಚಿನ ಡೋಲಕ ಗೂಟಕ್ಕ ಜೋತು ಬಿದ್ದೈತಿ. ಹಾಡು ಬರೇ ಚಪ್ಪಾಳಿ ಮ್ಯಾಲ ನಡದಾವ. ನಾ ಕೇಳಿದ್ರ "ಹೆಣ್ಣು ಹುಡುಗಿ ಮುಟ್ಟೂದಲ್ಲ" ಅಂತೀರಿ. ಬರೂ ಐತವಾರ ನಾ ಅದನ್ನ ಇಳಸ್ತೀನಿ. ಹಗ್ಗ ಮಾತ್ರ ನೀವ ಬಿಗಿ ಮಾಡಿ ಇಡ್ರಿ, ಅದು ನನಗ ಇನ್ನೂ ಬರಂಗಿಲ್ಲ.

ಇಲ್ಲಿ ಅಂಟಿಸೋ ಕವರೂ ಕೊಡ್ತಿದ್ರು, ನಾನ ಬೇಕಂತ ಕಾರ್ಡ್ ಇಸಗೊಂಡೆ. ಪೋಸ್ಟಿನ ಮುದಿಯಪ್ಪ ಕಾರ್ಡ್ ಸಿಕ್ರ ಓಣಿ ತುಂಬ ಓದಿಕೊಂತನ ಬರ್ತಾನ. ಇದು ನಿಮ್ಮ ಕೈ ಸೇರೂದ್ರಾಗ ಎಲ್ಲಾರಿಗೂ ಗೊತ್ತಾಗಿರತೈತಿ. ಇನ್ನ ಬ್ಯಾಡ ಅನ್ನೂದಿದ್ರ ಅವರ ಮುಂದ ಅನ್ರಿ.

ಜಾಗಾ ಮುಗೀತು. ತಾಲೀಮಿಗೆ ಕರೀತಾರ.

ನಿಮ್ಮ ಮೊಮ್ಮಗಳು
ಎಸ್ತರ