ಅವಸರವಿಲ್ಲದ ಪಿಟೀಲು

ನನ್ನ ಮುಂಗೋಪಿ ಅಕ್ಕನಿಗೆ, ಅಂಗಡಿಯಲ್ಲೇ ಕೂತು ತಮ್ಮ ಬರೆಯುವುದು.

ಈ ಪತ್ರದ ಜೊತೆ ಒಂದು ಪೊಟ್ಟಣವಿದೆ. ಮೊದಲು ಪತ್ರ ಓದು, ಆಮೇಲೆ ಪೊಟ್ಟಣ ಬಿಚ್ಚು. ಕಥೆಪುಸ್ತಕದ ಕೊನೆಯ ಪುಟವನ್ನೇ ಮೊದಲು ಓದುವವಳು ನೀನು, ನನಗೆ ಗೊತ್ತು. ಆದರೂ ಇದೊಂದು ಸಲ ತಮ್ಮನ ಮಾತು ಕೇಳು.

ನಾನು ರೇಡಿಯೊ ಅಜ್ಜಿಯ ಮನೆಗೆ ಹೋಗಿ ಬಂದೆ.

ಹೌದು, ಅದೇ ಮನೆ. ಚಿಕ್ಕವರಿದ್ದಾಗ ಅಡುಗೆಮನೆಯ ಕಪಾಟಿನ ಮೇಲಿದ್ದ ರೇಡಿಯೊಗೆ ಕಿವಿ ಹಚ್ಚಿ ಯಾರ ಪಿಟೀಲು ಕೇಳುತ್ತಿದ್ದೆವೋ, ಯಾರ ದೊಡ್ಡ ಹೆಸರು ಬಾಯಿಗೆ ಬಾರದೆ ನಾನು 'ರೇಡಿಯೊ ಅಜ್ಜಿ' ಎಂದು ಕರೆದು ನಿನ್ನ ಕೈಲಿ ತಲೆಗೆ ಮೊಟಕಿಸಿಕೊಂಡೆನೋ, ಅವರ ಮನೆ. ಅವರು ತೀರಿಕೊಂಡ ಮೇಲೆ ಅದನ್ನು ಇದ್ದ ಹಾಗೆಯೇ ಉಳಿಸಿ ಜನರಿಗೆ ತೋರಿಸುತ್ತಾರೆ. ಒಮ್ಮೆ ಅಲ್ಲಿಗೆ ಹೋಗಬೇಕು ಎಂದು ಜಪ ಮಾಡುತ್ತಿದ್ದವಳು ನೀನು. ಮೆಟ್ಟಿಲಿನಿಂದ ಬಿದ್ದು ಎಡಭುಜ ಮುರಿದುಕೊಂಡ ಮೇಲೆ "ನಂಗೇನಿದೆ ಅಲ್ಲಿ, ಬೇಕಾದ್ರೆ ನೀನೇ ಹೋಗಿ ಬಾ" ಎಂದವಳೂ ನೀನೇ. ಬರುವ ಶನಿವಾರ ನಿನ್ನ ಪಿಟೀಲನ್ನು ಸಂಗೀತಶಾಲೆಗೆ ಕೊಟ್ಟುಬಿಡುತ್ತೀಯಂತೆ. ಭಾವ ಫೋನಿನಲ್ಲಿ ಹೇಳಿದಾಗ ನನ್ನ ಕೈಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಮರುದಿನವೇ ಅಂಗಡಿಗೆ ಬೀಗ ಹಾಕಿ ಹೊರಟೆ. ನಿನ್ನ ಪರವಾಗಿ ಕಣ್ತುಂಬ ನೋಡಿ ಬರೋಣ ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಮನೆ ದೊಡ್ಡದೇನಲ್ಲ. ಒಂದು ಬದಿ ಕನ್ನಡಕದ ಅಂಗಡಿ, ಇನ್ನೊಂದು ಬದಿ ಬೀಗ ರಿಪೇರಿಯವನು, ನಡುವೆ ಒಂದು ಹಸಿರು ಬಾಗಿಲು. ಒಳಗೆ ಕಾಲಿಟ್ಟವನಿಗೆ ತಾನಾಗಿಯೇ ದನಿ ತಗ್ಗಿತು. ಕಿಟಕಿಯ ಪಕ್ಕ ಅವರ ಕುರ್ಚಿ, ಅದರ ಮೇಲೆ ಮಡಿಸಿಟ್ಟ ಶಾಲು, ಮೇಜಿನ ಮೇಲೆ ಒಂದು ರಾಳದ ತುಂಡು. ಪಿಟೀಲಿನ ಕಮಾನು ಉಜ್ಜಿ ಉಜ್ಜಿ ಅದರ ನಡುವೆ ಗಾಡಿಯ ಜಾಡಿನಂಥ ಹಳ್ಳ ಬಿದ್ದಿದೆ. ಗೋಡೆಯ ತುಂಬ ದೊಡ್ಡ ದೊಡ್ಡವರ ಜೊತೆ ತೆಗೆಸಿದ ಫೋಟೊಗಳಿದ್ದವು, ನಾನು ಅತ್ತ ತಿರುಗಲೂ ಇಲ್ಲ. ಆ ರಾಳದ ಮುಂದೆಯೇ ನಿಂತುಬಿಟ್ಟೆ ಅಕ್ಕ. ನಮ್ಮ ಪಾಲಿಗೆ ಆ ಸಂಗೀತ ಗಾಳಿಯಲ್ಲಿ ತೇಲಿ ಬಂದದ್ದು. ಅದಕ್ಕೂ ಒಂದು ಕಿಟಕಿ, ಒಂದು ಕುರ್ಚಿ, ಸವೆದ ರಾಳ ಇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮೂಲೆಯಲ್ಲಿ ಮರದ ಗೊಂಬೆಯೊಂದಕ್ಕೆ ಅವರ ಕಪ್ಪು ನಿಲುವಂಗಿ ತೊಡಿಸಿದ್ದರು. ಮುಟ್ಟಬಾರದೆಂದು ಪಕ್ಕದಲ್ಲೇ ಬರೆದಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಬಟ್ಟೆ ಕಂಡರೆ ದರ್ಜಿಯ ಕೈ ಸುಮ್ಮನಿರುವುದಿಲ್ಲ. ತೋಳು ಎತ್ತಿ ಒಳಹೊಲಿಗೆ ನೋಡಿಯೇ ಬಿಟ್ಟೆ.

"ರೀ, ಏನ್ ಮಾಡ್ತಿದ್ದೀರಿ? ಓದೋಕೆ ಬರಲ್ವಾ?" ಎಂದು ಹಿಂದಿನಿಂದ ಯಾರೋ ಗದರಿದರು. ನೋಡಿದರೆ ಅಜ್ಜಿಯ ಸೊಸೆ. ತಲೆ ಪೂರ್ತಿ ನರೆತಿದೆ, ಮನೆಯನ್ನು ಈಗ ನೋಡಿಕೊಳ್ಳುವವರು ಅವರೇ. ನಾನು ಹಾಲಿಗೆ ಬಾಯಿಟ್ಟ ಬೆಕ್ಕಿನ ಹಾಗೆ ಹಿಂದೆ ಸರಿದೆ. ಕ್ಷಮೆ ಕೇಳಬೇಕಿತ್ತು, ಬಾಯಿಂದ ಬಂದದ್ದು ಬೇರೆ: "ಅಲ್ಲಮ್ಮಾ, ಎಡಗಡೆ ಕಂಕುಳಲ್ಲಿ ಮಾತ್ರ ಯಾಕೆ ಬಟ್ಟೆ ಸೇರಿಸಿದ್ದಾರೆ? ಬಲಗಡೆ ಹಾಗೇ ಇದೆಯಲ್ಲ?"

ಅವರು ನನ್ನ ಮುಖವನ್ನೇ ನೋಡಿದರು. "ಅದನ್ನ ಸೇರಿಸಿದ್ದು ನಾನೇ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರ್ಲಿಲ್ಲ" ಎಂದರು. ಯಾಕೋ ಏನೋ, ನಿನ್ನ ವಿಷಯವೆಲ್ಲ ಹೇಳಿಬಿಟ್ಟೆ. ಬೆರಳುಗಳು ಚೆನ್ನಾಗಿಯೇ ಆಡುತ್ತವೆ, ತೋಳು ಮಾತ್ರ ಮೇಲೆ ನಿಲ್ಲುವುದಿಲ್ಲ, ಅದಕ್ಕೇ ಪಿಟೀಲನ್ನೇ ದಾನ ಮಾಡಲು ಹೊರಟಿದ್ದಾಳೆ ಎಂದೆ. ಅವರು ಬೀಗದಕೈ ಗೊಂಚಲು ತೆಗೆದುಕೊಂಡು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಜನರಿಗೆ ತೋರಿಸುವ ಕೋಣೆಯಲ್ಲ ಅದು.

ಇಸ್ತ್ರಿ ಮೇಜು, ಎರಡು ಟ್ರಂಕು, ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ. ಚಾವಣಿಯ ಕೊಕ್ಕೆಯಿಂದ ಕುರ್ಚಿಯ ಎಡಕ್ಕೆ ಬಟ್ಟೆಯ ಜೋಲಿಯೊಂದು ಇಳಿಬಿದ್ದಿತ್ತು. ಅಂಗೈ ಅಗಲ. ಹಳೆಯ ಪರದೆಯ ಬಟ್ಟೆ, ಎರಡು ಪದರ. ಮೊಣಕೈ ಕೂರುವ ಜಾಗದಲ್ಲಿ ಒಂದು ತೇಪೆ, ಆ ತೇಪೆಯ ಮೇಲೆ ಇನ್ನೊಂದು.

"ಕೊನೆಕೊನೆಗೆ ಅತ್ತೆ ತೋಳನ್ನ ಇದರಲ್ಲಿಟ್ಕೊಂಡೇ ನುಡಿಸ್ತಿದ್ದಿದ್ದು" ಎಂದರು. "ಭುಜದಲ್ಲಿ ಶಕ್ತೀನೇ ಇರ್ಲಿಲ್ಲ. ಯಾರಿಗೂ ಹೇಳ್ಬೇಡ, ಅಯ್ಯೋ ಪಾಪ ಅಂತ ಕೇಳೋರು ನಂಗೆ ಬೇಡ ಅನ್ನೋರು. ನಿಮ್ಮಕ್ಕಂಗೆ ಹೇಳಿ, ಪರವಾಗಿಲ್ಲ. ಅತ್ತೆ ಇದ್ದಿದ್ರೆ ಅವರೇ ಹೇಳ್ತಿದ್ರು."

ಅವರ ಕೊನೆಯ ರೇಡಿಯೊ ಕಾರ್ಯಕ್ರಮ ನಿನಗೆ ನೆನಪಿದೆಯಲ್ಲ? ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ, ಅಮ್ಮ ಎಷ್ಟು ಬೈದರೂ ನೀನು ಕೂತಲ್ಲಿಂದ ಏಳಲಿಲ್ಲ. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ನೋಡೋ, ಅವರಿಗೆ ಎಲ್ಲೂ ಅವಸರವೇ ಇಲ್ಲ. ಹಾಗೆ ನುಡಿಸೋಕೆ ಒಂದು ಜನ್ಮ ಸಾಲದು" ಎಂದಿದ್ದೆ. ಆ ಮಾತನ್ನು ಸೊಸೆಗೆ ಹೇಳಿದೆ. ಅವರಿಗೆ ನಗು ಬಂತು, ನಗುತ್ತಲೇ ಕಣ್ಣು ಒದ್ದೆಯಾಯಿತು.

"ಅವಸರ ಮಾಡೋಕೆ ಎಲ್ಲಿ ಆಗ್ತಿತ್ತು? ತೋಳು ಜೋಲಿಲಿತ್ತಲ್ಲ! ಬೇಗ ಸರಿಸಿದ್ರೆ ಕೊಕ್ಕೆ ಕಿರ್ರ್ ಅನ್ನೋದು. ರೇಡಿಯೊದವರು ಇದೇ ರೂಮಲ್ಲಿ ಮೈಕ್ ಇಟ್ರು, ಅತ್ತೆ ಅವರನ್ನ ಹೊರಗೆ ಕೂರಿಸಿ ಬಾಗಿಲು ಹಾಕ್ಕೊಂಡ್ರು. ರೇಡಿಯೊದಲ್ಲಿ ಯಾರು ನೋಡ್ತಾರೆ ಅಂದ್ರೂ ಕೇಳ್ಲಿಲ್ಲ, ಆ ನಿಲುವಂಗಿ ಬೇಕೇ ಬೇಕು ಅಂತ ಹಟ. ತೋಳು ಎತ್ತಿದ್ರೆ ಹಿಡೀದೇ ಇರ್ಲಿ ಅಂತ ಹಿಂದಿನ ದಿನ ಕೂತು ಬಟ್ಟೆ ಸೇರಿಸ್ದೆ."

ಅಕ್ಕ, ನಾವು ಬಾಯಿಬಿಟ್ಟುಕೊಂಡು ಕೇಳಿದ ಆ ನಿಧಾನ ಹುಟ್ಟಿದ್ದು ಇಸ್ತ್ರಿ ಮೇಜಿನ ಪಕ್ಕದಲ್ಲಿ, ಪರದೆ ಬಟ್ಟೆಯ ತುಂಡೊಂದರಲ್ಲಿ. ತೋಳಿಗೆ ಆಗದ್ದನ್ನೆಲ್ಲ ಬಿಟ್ಟುಕೊಟ್ಟು, ಉಳಿದದ್ದನ್ನೇ ಹಿಡಿದು, ಒಂದೊಂದು ಸ್ವರದ ಮೇಲೂ ಕಾದು ಕೂತರಲ್ಲ ಆ ಹೆಂಗಸು! ಮೊದಲೇ ಬೆಟ್ಟದಷ್ಟಿದ್ದವರು ನನ್ನ ಕಣ್ಣಿಗೆ ಇನ್ನೂ ಎತ್ತರವಾದರು. ಖಾಲಿ ಕುರ್ಚಿಗೆ ಕೈ ಮುಗಿದೆ. ಆಮೇಲೆ ಜೇಬಿನಿಂದ ಟೇಪು ತೆಗೆದು, "ಅಳತೆ ತಗೊಳ್ಳಲಾ?" ಎಂದೆ. ಅವರೇ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. "ಒಳಗೆ ಸ್ವಲ್ಪ ಹತ್ತಿ ಹಾಕಿ. ಅತ್ತೆಗೆ ಮೊದಮೊದಲು ಉಜ್ಜಿ ಗಾಯ ಆಗ್ತಿತ್ತು" ಎಂದು ಹೇಳಿಕೊಟ್ಟರು.

ಈಗ ಪೊಟ್ಟಣ ಬಿಚ್ಚು. ಆಗಲೇ ಬಿಚ್ಚಿ ಆಗಿದ್ದರೆ ನಿನಗೊಂದು ಮೊಟಕು ಬಾಕಿ. ಹಳೆಯ ಪರದೆಯೇ ಬೇಕೆಂದು ನನ್ನ ಅಂಗಡಿಯಲ್ಲಿ ಗಿರಾಕಿಗಳು ಬಟ್ಟೆ ಬದಲಿಸುವ ಮೂಲೆಯದನ್ನು ಕತ್ತರಿಸಿದ್ದೇನೆ. ಹೊಸದು ಬರುವವರೆಗೆ ಅವರು ನಾಚಿಕೊಳ್ಳಲಿ. ಹತ್ತಿಯನ್ನು ಮರೆತಿಲ್ಲ, ಮುಟ್ಟಿ ನೋಡು.

ಮೊದಲಿನ ಹಾಗೆಯೇ ನುಡಿಸುತ್ತೀಯ ಎಂದು ನಿನಗೆ ಸುಳ್ಳು ಹೇಳಲಾರೆ. ಆರಂಭದಲ್ಲಿ ಬೆಕ್ಕುಗಳ ಜಗಳದಂತೆ ಕೇಳಿಸಿದರೆ ಭಾವ ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ಶನಿವಾರ ಸಂಗೀತಶಾಲೆಯವರು ಬರುವ ಮೊದಲೇ ನಾನು ಬಂದು ಚಾವಣಿಗೆ ಕೊಕ್ಕೆ ಹಾಕುತ್ತೇನೆ. ಕುರ್ಚಿ ಎಲ್ಲಿರಬೇಕೆಂದು ಅಷ್ಟರಲ್ಲಿ ನೋಡಿಡು. ಜೋಲಿಯಲ್ಲಿ ಒಮ್ಮೆ ತೋಳಿಟ್ಟು ನೋಡಿದ ಮೇಲೂ ಕೊಟ್ಟುಬಿಡೋಣ ಎನಿಸಿದರೆ, ಪಿಟೀಲನ್ನು ನಾನೇ ಹೊತ್ತು ಅವರಿಗೆ ತಲುಪಿಸುತ್ತೇನೆ. ಎದುರು ಮಾತಾಡುವುದಿಲ್ಲ.

ಕೊಕ್ಕೆಗೆ ಹಾಕಲು ಎಣ್ಣೆಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಈಗ ತೆಗೆದಿಟ್ಟೆ. ಅದು ಕಿರ್ರ್ ಎಂದಾಗ ನೀನು ನಿಧಾನಿಸು.

ಚಿಕ್ಕವನು ದೊಡ್ಡವರನ್ನು ಹರಸಬಾರದಂತೆ. ಆದರೂ ಹರಸುತ್ತೇನೆ: ನಿನ್ನ ಕೈಗೆ ಇನ್ನೆಂದೂ ಅವಸರ ಬಾರದಿರಲಿ.

ನಿನ್ನ ಮೊಟಕು ತಿಂದೇ ಬೆಳೆದ
ತಮ್ಮ